ಕಾರಿನ ಮೈಲೇಜ್ ಜಾಸ್ತಿ ಮಾಡ್ಕೊಳ್ಳೋದು ಹೇಗೆ? ಏನು ಹಾಕ್ಸೋದು ಅನ್ನೋಕ್ಕಿಂತ ಮೊದ್ಲು ಏನು ತೆಗೀಬೇಕು ಅಂತ ನೋಡಿ

"ಶೋರೂಂನಲ್ಲಿ ಲೀಟರ್‌ಗೆ 22 ಅಂದ್ರು, ನಂಗೆ ಬರ್ತಿರೋದು 13, ಏನ್ ಹಾಕ್ಸಿದ್ರೆ ಜಾಸ್ತಿ ಆಗತ್ತೆ ಹೇಳಿ" ಅಂತ ಕೇಳೋರು ತುಂಬಾ ಜನ. ಕಾರಿನ ಹೆಸರು ಬದಲಾಗತ್ತೆ, ನಂಬರ್ ಸ್ವಲ್ಪ ಹೆಚ್ಚುಕಮ್ಮಿ ಆಗತ್ತೆ, ಪ್ರಶ್ನೆ ಮಾತ್ರ ಅದೇ. ಅದಕ್ಕೆ ಎಲ್ಲಾನೂ ಒಂದೇ ಕಡೆ ಬರೆದಿಡ್ತಿದೀನಿ. ಉತ್ತರ ಮೊದ್ಲೇ ಹೇಳ್ಬಿಡ್ತೀನಿ: ಹಾಕ್ಸಿದ ತಕ್ಷಣ ಮೈಲೇಜ್ ಏರಿಸೋ ಸಾಮಾನು ಯಾವ ಅಂಗಡೀಲೂ ಸಿಗಲ್ಲ. ಮೈಲೇಜ್ ಸಿಗೋದು ಗಾಳಿ ಸರಿಯಾಗಿ ಇಟ್ಕೊಳ್ಳೋದ್ರಿಂದ, ಕಾರ್ ಮೇಲೆ ಒಳಗೆ ಬೇಡದೆ ಇರೋದನ್ನ ತೆಗೆಯೋದ್ರಿಂದ, ಎಲ್ಲಕ್ಕಿಂತ ಜಾಸ್ತಿ ನಿಮ್ಮ ಬಲಗಾಲಿಂದ. ನಾನು ಮುಖ್ಯವಾಗಿ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಅಂದ್ರೆ ಸ್ವಿಫ್ಟ್, ವ್ಯಾಗನ್‌ಆರ್, ಐ10 ತರದ ಗಾಡಿ ಇಟ್ಕೊಂಡು ಬರೀತಿದೀನಿ, ಡೀಸೆಲ್‌ಗೆ ಬೇರೆ ಇದ್ದ ಕಡೆ ಹೇಳ್ತೀನಿ.

ಮೊದ್ಲು ಆ 22 ಎಲ್ಲಿಂದ ಬಂತು ಅಂತ ತಿಳ್ಕೊಳಿ, ಇಲ್ಲಾಂದ್ರೆ ಸುಮ್ನೆ ಕೊರಗ್ತೀರ. ಅದು ಎಆರ್‌ಎಐ ಮೈಲೇಜ್. ಎಆರ್‌ಎಐ ಅನ್ನೋದು ಪುಣೆಯಲ್ಲಿರೋ ವಾಹನ ಪರೀಕ್ಷಾ ಸಂಸ್ಥೆ. ಅಲ್ಲಿ ಕಾರನ್ನ ರಸ್ತೆ ಮೇಲೆ ಓಡ್ಸಲ್ಲ, ಲ್ಯಾಬ್‌ನಲ್ಲಿ ರೋಲರ್ ಮೇಲೆ ನಿಲ್ಸಿ ಚಕ್ರ ತಿರುಗಿಸ್ತಾರೆ, ಸುಮಾರು ಇಪ್ಪತ್ತು ನಿಮಿಷ, ಹತ್ತೂವರೆ ಕಿಲೋಮೀಟರ್ ಲೆಕ್ಕ, ಸರಾಸರಿ ವೇಗ ಗಂಟೆಗೆ 32 ಕಿ.ಮೀ. ಆಸುಪಾಸು, ಗರಿಷ್ಠ 90, ಎಸಿ ಆಫ್. ಅಲ್ಲಿ ಹಂಪ್ಸ್ ಇಲ್ಲ, ಗುಂಡಿ ಇಲ್ಲ, ಸಿಲ್ಕ್ ಬೋರ್ಡ್ ಜಂಕ್ಷನ್ ಜಾಮ್ ಇಲ್ಲ, ಹಿಂದೆ ಮೂರು ಜನ ಕೂತಿಲ್ಲ. ಆ ನಂಬರ್ ಇರೋದು ಒಂದು ಕಾರಿಗೂ ಇನ್ನೊಂದು ಕಾರಿಗೂ ಹೋಲಿಸಿ ನೋಡೋಕೆ. ನಿಮ್ಮ ಬೆಂಗಳೂರು ಓಡಾಟಕ್ಕೆ ಅದು ಗುರಿಯೇ ಅಲ್ಲ. ನಿಮ್ಮ ಗುರಿ, ನಿಮ್ಮದೇ ಇವತ್ತಿನ ಮೈಲೇಜ್‌ಗಿಂತ ಮುಂದಿನ ತಿಂಗಳದ್ದು ಜಾಸ್ತಿ ಆಗ್ಬೇಕು ಅನ್ನೋದು.

ಬೇಕಾಗಿರೋದು ಇಷ್ಟೇ: ಗಾಳಿ ಪ್ರೆಶರ್ ನೋಡೋ ಒಂದು ಗೇಜ್ (ಕೆಲವು ನೂರು ರೂಪಾಯಿಗೆ ಒಳ್ಳೇದೇ ಸಿಗತ್ತೆ), ಬರ್ಕೊಳ್ಳೋಕೆ ಫೋನ್ ಅಥವಾ ಚಿಕ್ಕ ಪುಸ್ತಕ, ಮತ್ತೆ ಡ್ಯಾಶ್‌ಬೋರ್ಡ್ ಡ್ರಾದಲ್ಲಿ ಕವರ್ ಸಮೇತ ಬಿದ್ದಿರೋ ಓನರ್ ಮ್ಯಾನ್ಯುಅಲ್. ಕೊನೇದನ್ನ ಯಾರೂ ತೆಗೆಯಲ್ಲ, ದಯವಿಟ್ಟು ತೆಗೀರಿ.

ಹಂತ 1: ಈಗ ಎಷ್ಟು ಬರ್ತಿದೆ ಅಂತ ಸರಿಯಾಗಿ ಅಳೀರಿ

ಮೀಟರ್‌ನಲ್ಲಿ ತೋರ್ಸೋ ಸರಾಸರಿ ಮೈಲೇಜ್‌ನ ಪೂರ್ತಿ ನಂಬಬೇಡಿ, ಎಷ್ಟೋ ಕಾರಲ್ಲಿ ಅದು ನಿಜಕ್ಕಿಂತ ಸ್ವಲ್ಪ ಮೇಲೇ ತೋರ್ಸತ್ತೆ. ಟ್ಯಾಂಕ್ ಟು ಟ್ಯಾಂಕ್ ಅಳತೆ ಮಾಡಿ. ಫುಲ್ ಟ್ಯಾಂಕ್ ಹಾಕ್ಸಿ, ಬಂಕ್‌ನವರ ಗನ್ ತಾನಾಗೇ ಟಕ್ ಅಂತ ನಿಲ್ಲತ್ತಲ್ಲ, ಅದನ್ನೇ ಆಟೋ ಕಟ್ ಅನ್ನೋದು, ಅಲ್ಲಿಗೆ ನಿಲ್ಸಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಕಾಲು ಟ್ಯಾಂಕ್ ಉಳಿಯೋವರೆಗೂ ದಿನದ ತರಾನೇ ಓಡ್ಸಿ, ಆಮೇಲೆ ಅದೇ ಬಂಕ್‌ಗೆ ಹೋಗಿ, ಆಗೋದಾದ್ರೆ ಅದೇ ಪಂಪಿನಲ್ಲಿ, ಮತ್ತೆ ಆಟೋ ಕಟ್‌ವರೆಗೆ ತುಂಬ್ಸಿ. ಓಡಿದ ಕಿಲೋಮೀಟರ್‌ನ ಎರಡನೇ ಸಲ ಹಿಡಿದ ಲೀಟರ್‌ನಿಂದ ಭಾಗಿಸಿ. 436 ಕಿ.ಮೀ. ಓಡಿ 31.2 ಲೀಟರ್ ಹಿಡೀತು ಅಂದ್ರೆ ಹತ್ತಿರ ಹತ್ತಿರ 14. ಇಷ್ಟೇ ಲೆಕ್ಕ.

ಇಲ್ಲಿ ಜನ ಎಡವೋದು ಎರಡು ಕಡೆ. ಒಂದು, ಐನೂರು ರೂಪಾಯಿಗೆ ಹಾಕ್ಸಿ, ಲೈಟ್ ಬರೋವರೆಗೂ ಓಡ್ಸಿ ಲೆಕ್ಕ ಹಾಕೋದು, ಇದ್ರಲ್ಲಿ ಎಷ್ಟು ಉಳಿದಿತ್ತು ಅನ್ನೋದೇ ಗೊತ್ತಾಗಲ್ಲ. ಎರಡು, ಆಟೋ ಕಟ್ ಆದ್ಮೇಲೂ "ರೌಂಡ್ ಮಾಡಿ" ಅಂತ ಒತ್ತಿ ಒತ್ತಿ ತುಂಬ್ಸೋದು. ಲೆಕ್ಕ ಕೆಡೋದು ಒಂದು ಕಡೆ ಇರ್ಲಿ, ಟ್ಯಾಂಕ್‌ನಿಂದ ಏಳೋ ಪೆಟ್ರೋಲ್ ಆವಿ ಹಿಡಿಯೋಕೆ ಅಂತ ಇದ್ದಿಲು ತುಂಬಿದ ಒಂದು ಡಬ್ಬಿ ಇರತ್ತೆ, ಕ್ಯಾನಿಸ್ಟರ್ ಅಂತಾರೆ, ಹೆಚ್ಚಾದ ಪೆಟ್ರೋಲ್ ಅದ್ರೊಳಗೆ ಹೋಗಿ ಅದನ್ನೂ ಹಾಳು ಮಾಡತ್ತೆ. ಒಂದೇ ಟ್ಯಾಂಕ್ ನೋಡಿ ತೀರ್ಮಾನಕ್ಕೆ ಬರ್ಬೇಡಿ, ಎರಡು ಮೂರು ಟ್ಯಾಂಕ್ ಸರಾಸರಿ ತಗೊಳ್ಳಿ.

ಇನ್ನೊಂದು ವಿಷ್ಯ ಇಲ್ಲೇ ಹೇಳ್ತೀನಿ. ಲೀಟರ್‌ಗೆ 3 ಕಿ.ಮೀ. ಜಾಸ್ತಿ ಆದ್ರೆ ಎಲ್ಲರಿಗೂ ಒಂದೇ ಲಾಭ ಅಲ್ಲ. ತಿಂಗಳಿಗೆ 1000 ಕಿ.ಮೀ. ಓಡ್ಸೋರು, ಪೆಟ್ರೋಲ್ 103 ರೂಪಾಯಿ ಅಂತ ಇಟ್ಕೊಳ್ಳಿ. 12 ರಿಂದ 15ಕ್ಕೆ ಹೋದ್ರೆ ಸುಮಾರು 16.7 ಲೀಟರ್, ಅಂದ್ರೆ 1,700 ರೂಪಾಯಿ ಉಳಿಯತ್ತೆ. ಅದೇ 20 ರಿಂದ 23ಕ್ಕೆ ಹೋದ್ರೆ ಉಳಿಯೋದು ಆರೂವರೆ ಲೀಟರ್, 670 ರೂಪಾಯಿ ಅಷ್ಟೇ. ಹಾಗಾಗಿ ಕೆಟ್ಟ ಮೈಲೇಜ್ ಇರೋರೇ ಇದನ್ನ ಪೂರ್ತಿ ಓದ್ಬೇಕು, ಅವರಿಗೇ ದುಡ್ಡು ಉಳಿಯೋದು.

ಹಂತ 2: ಗಾಳಿ

ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಒಂದು ಸ್ಟಿಕರ್ ಇರತ್ತೆ, ಮುಂದಿನ ಟೈರ್‌ಗೆ ಎಷ್ಟು, ಹಿಂದಿನದಕ್ಕೆ ಎಷ್ಟು, ಫುಲ್ ಜನ ಕೂತಾಗ ಎಷ್ಟು ಅಂತ ಬರ್ದಿರತ್ತೆ. ಅದು ಪಿಎಸ್‌ಐ ಲೆಕ್ಕ, ಅಂದ್ರೆ ಗಾಳಿ ಒತ್ತಡದ ಅಳತೆ. ನಮ್ಮ ಸಣ್ಣ ಕಾರುಗಳಿಗೆ 30ರ ಆಸುಪಾಸಿನಿಂದ 36ರ ಒಳಗೆ ಇರತ್ತೆ. ಬಂಕ್ ಹುಡುಗ "ಎಷ್ಟ್ ಸಾರ್" ಅಂದಾಗ ಅಂದಾಜಲ್ಲಿ ಹೇಳ್ಬೇಡಿ, ಸ್ಟಿಕರ್ ನೋಡಿ ಹೇಳಿ. ಟೈರ್ ಪಕ್ಕದಲ್ಲಿ ಬರ್ದಿರೋ ದೊಡ್ಡ ನಂಬರ್ ಟೈರ್ ತಡ್ಕೊಳ್ಳೋ ಗರಿಷ್ಠ ಒತ್ತಡ, ಅದನ್ನ ಹಾಕ್ಸೋದಲ್ಲ.

ಬೆಳಿಗ್ಗೆ ಗಾಡಿ ತೆಗೆಯೋ ಮೊದ್ಲು ಮನೇಲೇ ಗೇಜ್ ಇಟ್ಟು ನೋಡಿ. ಓಡ್ಸಿ ಬಂದ್ಮೇಲೆ ಟೈರ್ ಬಿಸಿಯಾಗಿ ಮೂರು ನಾಲ್ಕು ಪಿಎಸ್‌ಐ ಜಾಸ್ತಿ ತೋರ್ಸತ್ತೆ, ಆಗ 33 ನೋಡಿ ಸರಿಯಿದೆ ಅಂದ್ಕೊಂಡ್ರೆ ನಿಜವಾಗ್ಲೂ ಇರೋದು 29 ಅಥವಾ 30. ಎರಡು ವಾರಕ್ಕೊಂದ್ಸಲ ನೋಡೋ ಅಭ್ಯಾಸ ಮಾಡ್ಕೊಳ್ಳಿ, ಸ್ಟೆಪ್ನಿಯನ್ನೂ ಸೇರ್ಸಿ.

ಎಷ್ಟು ಲಾಭ ಅಂತ ಉತ್ಪ್ರೇಕ್ಷೆ ಮಾಡಲ್ಲ. ಅಮೆರಿಕ ಸರ್ಕಾರದ ಲೆಕ್ಕದ ಪ್ರಕಾರ ನಾಲ್ಕೂ ಟೈರ್‌ನಲ್ಲಿ 1 ಪಿಎಸ್‌ಐ ಕಮ್ಮಿ ಆದ್ರೆ ಮೈಲೇಜ್ ಸುಮಾರು 0.2 ಪರ್ಸೆಂಟ್ ಬೀಳತ್ತೆ, ತೀರಾ ಕಮ್ಮಿ ಇದ್ರೆ ಮೂರು ಪರ್ಸೆಂಟ್‌ವರೆಗೂ ಹೋಗತ್ತೆ. ಚಿಕ್ಕದು ಅನ್ಸತ್ತೆ ಆದ್ರೆ ಖರ್ಚು ಸೊನ್ನೆ, ಜೊತೆಗೆ ಟೈರ್ ಅಂಚು ಸವೆಯಲ್ಲ, ಹೈವೇಲಿ ಬಿಸಿಯಾಗಿ ಒಡೆಯೋ ಭಯಾನೂ ಕಮ್ಮಿ. ಇದೇ ಆಸೆಗೆ 40, 42 ಹಾಕ್ಸೋರೂ ಇದಾರೆ, ಅದು ಬೇಡ, ಟೈರ್ ಮಧ್ಯ ಮಾತ್ರ ರಸ್ತೆಗೆ ತಾಗಿ ಮಳೇಲಿ ಬ್ರೇಕ್ ಹಿಡಿಯಲ್ಲ. ನೈಟ್ರೋಜನ್ ಹಾಕ್ಸಿದ್ರೆ ಮೈಲೇಜ್ ಬರತ್ತಾ ಅಂತಾನೂ ಕೇಳ್ತಾರೆ, ಮಾಮೂಲಿ ಗಾಳಿಯಲ್ಲೇ 78 ಪರ್ಸೆಂಟ್ ನೈಟ್ರೋಜನ್ ಇದೆ, ಫ್ರೀ ಆಗಿ ಹಾಕಿದ್ರೆ ಹಾಕ್ಸ್ಕೊಳ್ಳಿ, ಅದಕ್ಕೆ ದುಡ್ಡು ಕೊಡ್ಬೇಡಿ.

ಹಂತ 3: ತೆಗೀರಿ

ನಮ್ಮಲ್ಲಿ ಮಾಡಿಫಿಕೇಶನ್ ಅಂದ್ರೆ ಹಾಕ್ಸೋದು ಅಂತಾನೇ ಅರ್ಥ. ಮೈಲೇಜ್‌ಗೆ ಉಲ್ಟಾ.

ಮೇಲಿನ ಕ್ಯಾರಿಯರ್ ಮೊದ್ಲು. ವರ್ಷಕ್ಕೊಂದ್ಸಲ ಧರ್ಮಸ್ಥಳಕ್ಕೆ ಹೋದಾಗ ಲಗೇಜ್ ಕಟ್ಟೋಕೆ ಅಂತ ಹಾಕ್ಸಿರ್ತೀರ, ಉಳಿದ ದಿನ ಪೂರ್ತಿ ಅದು ಖಾಲಿ ಗಾಳಿ ಹೊಡೆಸ್ಕೊಂಡು ಓಡಾಡ್ತಿರತ್ತೆ. ದೊಡ್ಡ ಲಗೇಜ್ ಬಾಕ್ಸ್ ಕೂರ್ಸಿದ್ರೆ ಹೈವೇ ಮೈಲೇಜ್ 6 ರಿಂದ 17 ಪರ್ಸೆಂಟ್‌ವರೆಗೆ ಬೀಳಬಹುದು ಅನ್ನೋ ಲೆಕ್ಕಾನೂ ಅದೇ ಅಮೆರಿಕ ಸರ್ಕಾರದ್ದು. ಖಾಲಿ ಕ್ಯಾರಿಯರ್ ಅಷ್ಟು ತಿನ್ನಲ್ಲ, ಆದ್ರೆ ತಿನ್ನತ್ತೆ, ಮೇಲಿಂದ ಸುಂಯ್ ಅಂತ ಸದ್ದು ಬೇರೆ. ಬೋಲ್ಟ್ ಬಿಚ್ಚಿ ಅಟ್ಟಕ್ಕೆ ಹಾಕಿ, ಬೇಕಾದಾಗ ಕಟ್ಕೊಳ್ಳಿ.

ಮುಂದೆ ಕಟ್ಟಿರೋ ಕಬ್ಬಿಣದ ಬುಲ್ ಬಾರ್ ತೆಗೀಲೇಬೇಕು. ತೂಕ, ಗಾಳಿ ಎರಡೂ ಕಾರಣ ಇದೆ, ಅದಕ್ಕಿಂತ ಮುಖ್ಯ ಅಂದ್ರೆ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಇಲಾಖೆ ಇದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ ಅಂತ ರಾಜ್ಯಗಳಿಗೆ ಬರೆದಿದೆ. ರಸ್ತೇಲಿ ನಡ್ಕೊಂಡು ಹೋಗೋರಿಗೆ ಡಿಕ್ಕಿ ಹೊಡೆದ್ರೆ ಅವರ ಪ್ರಾಣಕ್ಕೇ ಕುತ್ತು.

ಆಮೇಲೆ ಹಿಂದೆ ಡಿಕ್ಕಿ ತೆಗೆದು ನೋಡಿ. ಹಳೇ ಇಪ್ಪತ್ತು ಲೀಟರ್ ನೀರಿನ ಕ್ಯಾನು, ಸಿಮೆಂಟ್ ಕೆಲಸದ ಸಾಮಾನು, ಕ್ರಿಕೆಟ್ ಕಿಟ್, ಯಾವತ್ತೋ ತಂದ ಟೈಲ್ಸ್ ಪೀಸು ಎಲ್ಲಾ ಇರತ್ತೆ. 45 ಕೆಜಿ ಹೆಚ್ಚುವರಿ ತೂಕಕ್ಕೆ ಸುಮಾರು ಒಂದು ಪರ್ಸೆಂಟ್ ಮೈಲೇಜ್ ಹೋಗತ್ತೆ, ಕಾರು ಚಿಕ್ಕದಿದ್ದಷ್ಟೂ ಜಾಸ್ತಿ ಗೊತ್ತಾಗತ್ತೆ. ಆದ್ರೆ ಸ್ಟೆಪ್ನಿ, ಜಾಕಿ, ಟೂಲ್ ಕಿಟ್ ಮಾತ್ರ ತೆಗೀಬೇಡಿ, ರಾತ್ರಿ ಹೊತ್ತು ಶಿರಾಡಿ ಘಾಟಿನಲ್ಲಿ ಪಂಚರ್ ಆದ್ರೆ ಈ ಒಂದು ಪರ್ಸೆಂಟ್ ಉಪಯೋಗಕ್ಕೆ ಬರಲ್ಲ.

ಅಗಲವಾದ ಟೈರ್ ಹಾಕ್ಸಿದ್ರೆ ಅದೂ ಇದೇ ಪಟ್ಟಿಗೆ ಸೇರತ್ತೆ. ಟೈರ್ ಮೇಲೆ 165/80 ಆರ್14 ಅಂತ ಇದ್ರೆ 165 ಅನ್ನೋದು ಮಿಲಿಮೀಟರ್‌ನಲ್ಲಿ ಅಗಲ, 80 ಅನ್ನೋದು ಅಗಲಕ್ಕೆ ಹೋಲಿಸಿದ್ರೆ ಪಕ್ಕದ ಎತ್ತರ ಎಷ್ಟು ಪರ್ಸೆಂಟ್ ಅಂತ, 14 ರಿಮ್ ಸೈಜ್ ಇಂಚಲ್ಲಿ. ಸ್ವಿಫ್ಟ್‌ನ ಕೆಳಗಿನ ವೇರಿಯಂಟ್‌ಗೆ ಕಂಪನಿಯವರೇ ಇದನ್ನ ಕೊಡ್ತಾರೆ, ಮೇಲಿನದಕ್ಕೆ 185/65 ಆರ್15. ಲೆಕ್ಕ ಹಾಕಿ ನೋಡಿ, ಎರಡರದ್ದೂ ಒಟ್ಟು ಎತ್ತರ 620 ಮಿ.ಮೀ. ಆಸುಪಾಸಲ್ಲೇ ಇದೆ. ಇದರ ಮೇಲೆ ಹೋಗಿ 205 ಹಾಕ್ಸಿ, ಹದಿನಾರು ಹದಿನೇಳು ಇಂಚಿನ ಭಾರದ ಅಲಾಯ್ ಹಾಕ್ಸಿದ್ರೆ ನೋಡೋಕೆ ಚೆನ್ನಾಗಿರತ್ತೆ, ಉರುಳೋಕೆ ಕಷ್ಟ ಆಗತ್ತೆ, ಪಿಕಪ್ಪೂ ಹೋಗತ್ತೆ. ಒಟ್ಟು ಎತ್ತರ ಜಾಸ್ತಿ ಆದ್ರೆ ಇನ್ನೊಂದು ಗೊಂದಲ: ಮೀಟರ್ ನಿಜಕ್ಕಿಂತ ಕಮ್ಮಿ ಕಿಲೋಮೀಟರ್ ತೋರ್ಸತ್ತೆ, ಹಂತ 1ರ ಲೆಕ್ಕಾನೂ ತಪ್ಪಾಗತ್ತೆ. ಮುಂದಿನ ಸಲ ಟೈರ್ ಬದಲಾಯ್ಸುವಾಗ ಕಂಪನಿ ಸೈಜ್‌ಗೇ ವಾಪಸ್ ಬನ್ನಿ, ಅಂಗಡೀಲಿ ಕೇಳುವಾಗ ರೋಲಿಂಗ್ ರೆಸಿಸ್ಟೆನ್ಸ್ ಕಮ್ಮಿ ಇರೋ, ಅಂದ್ರೆ ಸುಲಭವಾಗಿ ಉರುಳೋ ಟೈರ್ ಯಾವುದು ಅಂತ ಕೇಳಿ.

ಹಂತ 4: ಸರ್ವೀಸ್‌ನಲ್ಲಿ ಮೈಲೇಜ್‌ಗೆ ಸಂಬಂಧ ಪಟ್ಟಿದ್ದು ಯಾವುದು

ಇಂಜಿನ್ ಆಯಿಲ್ ಗ್ರೇಡ್ ನೋಡ್ಕೊಳ್ಳಿ. ಡಬ್ಬಿ ಮೇಲೆ 0ಡಬ್ಲ್ಯೂ-20, 5ಡಬ್ಲ್ಯೂ-30 ಅಂತೆಲ್ಲಾ ಇರತ್ತೆ, ಮೊದಲ ನಂಬರ್ ತಣ್ಣಗಿದ್ದಾಗ ಎಷ್ಟು ಗಟ್ಟಿ ಅಂತ ಹೇಳತ್ತೆ, ಎರಡನೇದು ಇಂಜಿನ್ ಬಿಸಿ ಆದಾಗ ಎಷ್ಟು ಗಟ್ಟಿ ಅಂತ. ಈಗಿನ ಪೆಟ್ರೋಲ್ ಇಂಜಿನ್‌ಗಳು ತೆಳು ಆಯಿಲ್‌ಗೆ ಅಂತಾನೇ ಮಾಡಿರೋವು. "ನಮ್ಮ ಬಿಸಿಲಿಗೆ ಗಟ್ಟಿ ಆಯಿಲೇ ಬೇಕು" ಅಂತ ಹೇಳಿ ಹೊರಗಡೆ ಗ್ಯಾರೇಜಲ್ಲಿ 20ಡಬ್ಲ್ಯೂ-50 ಹಾಕಿದ್ರೆ ಇಂಜಿನ್ ಆ ಆಯಿಲನ್ನ ತಳ್ಳೋಕೇ ಪೆಟ್ರೋಲ್ ಖರ್ಚು ಮಾಡತ್ತೆ. ಮ್ಯಾನ್ಯುಅಲ್‌ನಲ್ಲಿ ಏನಿದೆಯೋ ಅದೇ ಹಾಕ್ಸಿ, ಬಿಲ್‌ನಲ್ಲಿ ಗ್ರೇಡ್ ಬರೆಸ್ಕೊಳ್ಳಿ.

ಏರ್ ಫಿಲ್ಟರ್ ಬಗ್ಗೆ ಒಂದು ಹಳೇ ನಂಬಿಕೆ ಇದೆ. ಕಾರ್ಬ್ಯುರೇಟರ್ (ಕಂಪ್ಯೂಟರ್ ಇಲ್ಲದೆ ಗಾಳಿಗೆ ಪೆಟ್ರೋಲ್ ಬೆರೆಸೋ ಭಾಗ) ಕಾಲದ ಗಾಡಿಗಳಲ್ಲಿ ಫಿಲ್ಟರ್ ಕಟ್ಕೊಂಡ್ರೆ ಪೆಟ್ರೋಲ್ ಜಾಸ್ತಿ ಕುಡೀತಿತ್ತು, ಅದು ನಿಜ. ಈಗಿನ ಇಂಜೆಕ್ಷನ್ ಕಾರಲ್ಲಿ ಬರೋ ಗಾಳಿಯನ್ನ ಸೆನ್ಸರ್ ಅಳೆದು ಅದಕ್ಕೆ ತಕ್ಕ ಪೆಟ್ರೋಲ್ ಬಿಡತ್ತೆ, ಹಾಗಾಗಿ ಕೊಳೆ ಫಿಲ್ಟರ್‌ನಿಂದ ಪಿಕಪ್ ಬೀಳತ್ತೇ ಹೊರತು ಮೈಲೇಜ್ ಅಷ್ಟೇನೂ ಬದಲಾಗಲ್ಲ. ಆದ್ರೂ ಹೇಳಿದ ಟೈಮಿಗೆ ಬದಲಾಯ್ಸಿ, ಕ್ವಾರಿ ರಸ್ತೆ, ಮಣ್ಣಿನ ರಸ್ತೆ ಓಡಾಟ ಇದ್ರೆ ಇನ್ನೂ ಬೇಗ, ಇಂಜಿನ್ ಒಳಗೆ ಧೂಳು ಹೋಗ್ಬಾರ್ದು.

ಸ್ಪಾರ್ಕ್ ಪ್ಲಗ್ ಮ್ಯಾನ್ಯುಅಲ್‌ನಲ್ಲಿ ಹೇಳಿದ ಕಿಲೋಮೀಟರ್‌ಗೆ ಬದಲಾಯ್ಸ್ಬೇಕು. ವೀಲ್ ಅಲೈನ್‌ಮೆಂಟ್ ದೊಡ್ಡ ಗುಂಡಿಗೆ ಬಿದ್ದ ಮೇಲೆ ಅಥವಾ ಸ್ಟೇರಿಂಗ್ ಒಂದು ಕಡೆ ಎಳೀತಿದ್ರೆ ಮಾಡ್ಸಿ, ಟೈರ್ ಓರೆಯಾಗಿ ತೇಯ್ಕೊಂಡು ಓಡ್ತಿದ್ರೆ ಅದೆಲ್ಲಾ ಪೆಟ್ರೋಲ್ ದುಡ್ಡೇ. ಉಳಿದ ಡೀಕಾರ್ಬನೈಸಿಂಗ್, ಇಂಜಿನ್ ಫ್ಲಶ್, ಪೆಟ್ರೋಲ್‌ಗೆ ಹಾಕೋ ಅಡಿಟಿವ್ ಅಂತ ಸರ್ವೀಸ್ ಅಡ್ವೈಸರ್ ಪಟ್ಟಿ ಕೊಟ್ಟಾಗ "ಮ್ಯಾನ್ಯುಅಲ್‌ನಲ್ಲಿ ಇದ್ಯಾ?" ಅಂತ ಒಂದೇ ಪ್ರಶ್ನೆ ಕೇಳಿ. ಇಲ್ಲ ಅಂದ್ರೆ, ಇಂಜಿನ್‌ನಲ್ಲಿ ಏನೂ ತೊಂದ್ರೆ ಕಾಣ್ತಿಲ್ಲ ಅಂದ್ರೆ, ಬೇಡ ಅನ್ನಿ.

ಹಂತ 5: ಊರೊಳಗೆ ಓಡ್ಸೋ ರೀತಿ

ಇಲ್ಲಿಗೆ ಬರೋಕೇ ಇಷ್ಟೆಲ್ಲಾ ಬರೆದಿದ್ದು. ಮೇಲಿನ ಎಲ್ಲಾ ಸೇರ್ಸಿದ್ರೂ ಸಿಗೋದು ಕೆಲವು ಪರ್ಸೆಂಟ್, ಆದ್ರೆ ಜೋರಾಗಿ ಎಕ್ಸಲೇಟರ್ ತುಳಿದು ಜೋರಾಗಿ ಬ್ರೇಕ್ ಹೊಡೆಯೋ ಅಭ್ಯಾಸದಿಂದ ನಿಂತು ನಿಂತು ಹೋಗೋ ಟ್ರಾಫಿಕ್‌ನಲ್ಲಿ 10 ರಿಂದ 40 ಪರ್ಸೆಂಟ್‌ವರೆಗೆ ಮೈಲೇಜ್ ಹೋಗತ್ತೆ.

ತತ್ವ ಒಂದೇ: ನೀವು ಬ್ರೇಕ್ ತುಳಿದಾಗೆಲ್ಲಾ, ಆಗ್ಲೇ ದುಡ್ಡು ಕೊಟ್ಟು ಸುಟ್ಟಿರೋ ಪೆಟ್ರೋಲು ಬಿಸಿಯಾಗಿ ಹೋಗತ್ತೆ. ಬ್ರೇಕ್ ಕಮ್ಮಿ ಬೇಕಾಗೋ ಹಾಗೆ ಓಡ್ಸಿದ್ರೆ ಮೈಲೇಜ್ ತಾನಾಗೇ ಬರತ್ತೆ. ನಮ್ಮ ರಸ್ತೆಗಳಲ್ಲಿ ಇದಕ್ಕೆ ಒಳ್ಳೇ ಉದಾಹರಣೆ ಹಂಪ್ಸ್. ಲೇಔಟ್ ರಸ್ತೆಯಲ್ಲಿ ಎರಡು ಹಂಪ್ಸ್ ಮಧ್ಯೆ ನೂರೈವತ್ತು ಮೀಟರ್ ಇದ್ರೆ ಜನ ಸೆಕೆಂಡ್ ಗೇರಲ್ಲಿ ರೊಯ್ ಅಂತ 45ಕ್ಕೆ ಏರ್ಸಿ, ಹಂಪ್ಸ್ ಹತ್ರ ಗಕ್ ಅಂತ ಬ್ರೇಕ್ ಹಾಕಿ, ಮತ್ತೆ ಅದನ್ನೇ ಮಾಡ್ತಾರೆ. 25ರಲ್ಲಿ ಹೋಗಿ, ಹಂಪ್ಸ್‌ಗೆ ಮೂವತ್ತು ನಲವತ್ತು ಮೀಟರ್ ಮೊದ್ಲೇ ಕಾಲು ಎತ್ತಿ, ಅದರ ಪಾಡಿಗೆ ಉರುಳಿ ನಿಧಾನ ಆಗ್ಲಿ, ಸೆಕೆಂಡ್ ಗೇರಲ್ಲೇ ದಾಟ್ಸಿ. ಆ ರಸ್ತೆ ಮುಗಿಯೋ ಹೊತ್ತಿಗೆ ಆಗೋ ವ್ಯತ್ಯಾಸ ಕೆಲವೇ ಸೆಕೆಂಡು.

ಸಿಗ್ನಲ್‌ನಲ್ಲೂ ಇದೇ. ದೂರದಲ್ಲಿ ಕೆಂಪು ಕಾಣ್ತಿದೆ ಅಂದ್ಮೇಲೆ ಎಕ್ಸಲೇಟರ್ ತುಳಿದು ಪ್ರಯೋಜನ ಇಲ್ಲ, ಕಾಲು ಎತ್ತಿ. ಮುಂದಿನ ಗಾಡಿಗೆ ಮೂರು ಸೆಕೆಂಡ್ ಅಂತರ ಇರ್ಲಿ, ಬಿಎಂಟಿಸಿ ಬಸ್ ಹಿಂದೆ ಅಂಟ್ಕೊಂಡು ಹೋದ್ರೆ ಅದು ನಿಂತಾಗೆಲ್ಲಾ ನೀವೂ ನಿಲ್ಲಬೇಕು, ಮುಂದೆ ಏನಿದೆ ಅಂತಾನೂ ಕಾಣಲ್ಲ. ಮಧ್ಯೆ ಯಾರಾದ್ರೂ ನುಗ್ತಾರೆ ನಿಜ, ನುಗ್ಗಿದ್ರೆ ನುಗ್ಲಿ ಬಿಡಿ.

ಗೇರ್ ಬಗ್ಗೆ. ಪೆಟ್ರೋಲ್ ಆದ್ರೆ 2000 ರಿಂದ 2500 ಆರ್‌ಪಿಎಂ ಒಳಗೆ, ಡೀಸೆಲ್ ಆದ್ರೆ 1500 ರಿಂದ 2000 ಒಳಗೆ ಮೇಲಿನ ಗೇರ್‌ಗೆ ಹಾಕಿ. ಆರ್‌ಪಿಎಂ ಅಂದ್ರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗ್ತಿದೆ ಅಂತ, ಸ್ಪೀಡೋಮೀಟರ್ ಪಕ್ಕದ ಮುಳ್ಳು ಅದೇ. ಈಗ ಬಹಳ ಕಾರಲ್ಲಿ ಮೇಲೆ ಕೆಳಗೆ ಬಾಣ ತೋರ್ಸೋ ಸೂಚನೆ ಇದೆ, ಅದನ್ನ ಫಾಲೋ ಮಾಡಿದ್ರೂ ಸಾಕು. ಆದ್ರೆ ಇದನ್ನ ಅತಿಗೆ ತಗೊಂಡು ಹೋಗಿ ಫೋರ್ತ್ ಗೇರಲ್ಲಿ 25ರಲ್ಲಿ ಹೋಗೋದು, ಇಂಜಿನ್ ಗಡಗಡ ಅಂತ ನಡುಗ್ತಿದ್ರೂ ಗೇರ್ ಇಳಿಸ್ದೇ ತುಳಿಯೋದು ಮಾಡ್ಬೇಡಿ, ಅದ್ರಿಂದ ಪೆಟ್ರೋಲೂ ಉಳಿಯಲ್ಲ, ಇಂಜಿನ್‌ಗೂ ಪೆಟ್ಟು.

ಹಾಫ್ ಕ್ಲಚ್ ಇನ್ನೊಂದು ಕಾಯಿಲೆ. ಟಿನ್ ಫ್ಯಾಕ್ಟರಿ ಹತ್ರ ಜಾಮ್‌ನಲ್ಲಿ ಇಂಚು ಇಂಚು ಮುಂದೆ ಹೋಗೋಕೆ ಕ್ಲಚ್ ಅರ್ಧ ಒತ್ಕೊಂಡೇ ಇರ್ತಾರೆ, ಫ್ಲೈಓವರ್ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕ್ದೇ ಎಕ್ಸಲೇಟರ್‌ನಲ್ಲೇ ಗಾಡಿ ನಿಲ್ಲಿಸ್ಕೊಂಡಿರ್ತಾರೆ. ಕ್ಲಚ್ ಪ್ಲೇಟ್ ಸುಟ್ಟು ವಾಸನೆ ಬರೋದು ಇದಕ್ಕೇ. ಎರಡು ಕಾರಿನಷ್ಟು ಜಾಗ ಆಗೋವರೆಗೂ ಕಾದು, ಆಮೇಲೆ ಒಂದೇ ಸಲ ಮುಂದೆ ಹೋಗಿ. ಎಎಂಟಿ, ಅಂದ್ರೆ ಗೇರನ್ನ ತಾನೇ ಬದಲಾಯ್ಸ್ಕೊಳ್ಳೋ ಕಾರಿನವರೂ ಕೇಳಿಸ್ಕೊಳ್ಳಿ, ನಿಮ್ಮಲ್ಲಿ ಕ್ಲಚ್ ಪೆಡಲ್ ಇಲ್ಲ ಅಷ್ಟೇ, ಕ್ಲಚ್ ಇದೆ, ಏರಿನಲ್ಲಿ ಬ್ರೇಕ್‌ನಲ್ಲೇ ನಿಲ್ಸಿ. ಓಡ್ತಿರುವಾಗ ಎಕ್ಸಲೇಟರ್ ಚೂರು ಸಡಿಲ ಮಾಡಿದ್ರೆ ಎಎಂಟಿ ಬೇಗ ಮೇಲಿನ ಗೇರ್‌ಗೆ ಹೋಗತ್ತೆ, ಇದು ಅಭ್ಯಾಸ ಆದ್ರೆ ಮೈಲೇಜೂ ಬರತ್ತೆ, ಜರ್ಕೂ ಕಮ್ಮಿ.

ನಿಂತಲ್ಲೇ ಇಂಜಿನ್ ಆನ್ ಇದ್ರೆ ಸಣ್ಣ ಪೆಟ್ರೋಲ್ ಕಾರೂ ಗಂಟೆಗೆ ಅರ್ಧ ಮುಕ್ಕಾಲು ಲೀಟರ್ ಸುಡತ್ತೆ, ಎಸಿ ಹಾಕಿದ್ರೆ ಇನ್ನೂ ಜಾಸ್ತಿ. ಸಿಗ್ನಲ್‌ನಲ್ಲಿ ಕೌಂಟರ್ ಅರ್ಧ ನಿಮಿಷಕ್ಕಿಂತ ಜಾಸ್ತಿ ತೋರ್ಸ್ತಿದ್ರೆ ಆಫ್ ಮಾಡಿ. ಕಾರಲ್ಲೇ ತಾನಾಗಿ ಆಫ್ ಆಗೋ ವ್ಯವಸ್ಥೆ ಇದ್ರೆ ಅದನ್ನ ಬಟನ್ ಒತ್ತಿ ಬಂದ್ ಮಾಡ್ಬೇಡಿ. ಬೆಳಿಗ್ಗೆ ಐದು ನಿಮಿಷ ಇಂಜಿನ್ ಬಿಸಿ ಮಾಡೋ ಪದ್ಧತಿಯೂ ಬೇಡ, ಅರ್ಧ ನಿಮಿಷ ಸಾಕು, ಆಮೇಲೆ ಮೊದಲ ಒಂದೆರಡು ಕಿಲೋಮೀಟರ್ ನಿಧಾನಕ್ಕೆ ಹೋಗಿ, ಓಡ್ತಾನೇ ಬಿಸಿ ಆಗ್ಲಿ. ತಣ್ಣಗಿರೋ ಇಂಜಿನ್ ಜಾಸ್ತಿ ಕುಡಿಯತ್ತೆ, ಅದಕ್ಕೇ ಬೆಳಿಗ್ಗೆ ಹಾಲಿಗೆ ಒಂದ್ಸಲ, ತರಕಾರಿಗೆ ಒಂದ್ಸಲ, ಮಕ್ಕಳನ್ನ ಬಿಡೋಕೆ ಒಂದ್ಸಲ ಅಂತ ಚಿಕ್ಕ ಚಿಕ್ಕ ಓಡಾಟ ಮಾಡೋರ ಮೈಲೇಜ್ ಯಾವತ್ತೂ ಕಮ್ಮಿ. ಕೆಲಸ ಎಲ್ಲಾ ಒಂದೇ ಸುತ್ತಲ್ಲಿ ಮುಗ್ಸ್ಕೊಳ್ಳಿ, ಹಾಲಿಗೆ ನಡ್ಕೊಂಡು ಹೋಗಿ.

ಬಿಎಸ್6, ಅಂದ್ರೆ ಈಗಿನ ಹೊಗೆ ನಿಯಮಕ್ಕೆ ತಕ್ಕ ಹಾಗೆ ಮಾಡಿರೋ ಡೀಸೆಲ್ ಕಾರಿನವರಿಗೆ ಇದು ಇನ್ನೂ ಮುಖ್ಯ. ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಅಂತ ಒಂದು ಫಿಲ್ಟರ್ ಇರತ್ತೆ, ತುಂಬಿದಾಗ ಹೆಚ್ಚುವರಿ ಡೀಸೆಲ್ ಸುಟ್ಟು ಅದನ್ನ ಖಾಲಿ ಮಾಡ್ಕೊಳತ್ತೆ. ಬರೀ ಎರಡು ಮೂರು ಕಿಲೋಮೀಟರ್ ಓಡಾಟ ಇದ್ರೆ ಅದು ಪೂರ್ತಿ ಆಗೋದೇ ಇಲ್ಲ, ಮತ್ತೆ ಮತ್ತೆ ಶುರು ಆಗತ್ತೆ, ಮೈಲೇಜ್ ಬೀಳತ್ತೆ. ಆಗಾಗ ಹೈವೇಲಿ ಒಂದು ಉದ್ದದ ಓಟ ಬೇಕೇ ಬೇಕು.

ಹಂತ 6: ಹೈವೇ ಮತ್ತು ಘಾಟಿ

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರತ್ತೆ. ಅಂದ್ರೆ 80 ರಿಂದ 100ಕ್ಕೆ ಹೋದಾಗ ವೇಗ ಕಾಲು ಭಾಗ ಜಾಸ್ತಿ ಆಯ್ತು, ಗಾಳಿ ತಡೆ 56 ಪರ್ಸೆಂಟ್ ಜಾಸ್ತಿ ಆಯ್ತು. ಬೆಂಗಳೂರು ಮೈಸೂರು ಹೈವೇ 118 ಕಿ.ಮೀ., ಅಲ್ಲಿ 100 ಲಿಮಿಟ್. ಪೂರ್ತಿ 100ರಲ್ಲಿ ಹೋದ್ರೆ 71 ನಿಮಿಷ, 80ರಲ್ಲಿ ಹೋದ್ರೆ 88 ನಿಮಿಷ, ಇದು ಕಾಗದದ ಲೆಕ್ಕ. ಹದಿನೇಳು ಹದಿನೆಂಟು ನಿಮಿಷಕ್ಕೆ ಎಷ್ಟು ಪೆಟ್ರೋಲ್ ಕೊಡ್ತೀರಿ ಅಂತ ಒಂದ್ಸಲ ಹೋಗ್ತಾ 100, ಬರ್ತಾ 80 ಓಡ್ಸಿ ನೀವೇ ನೋಡಿ. 80 ರಿಂದ 90ರಲ್ಲಿ, ಟಾಪ್ ಗೇರಲ್ಲಿ, ಎಡಗಡೆ ಲೇನ್‌ನಲ್ಲಿ ಒಂದೇ ಸಮ ಹೋಗೋದು ನನ್ನ ಸಲಹೆ. ಬಲಗಡೆ ಲೇನ್‌ನಲ್ಲಿ 80ರಲ್ಲಿ ಕೂತು ಹಿಂದಿನವರನ್ನ ತಡೀಬೇಡಿ.

ಈಗ ಎಲ್ಲಕ್ಕಿಂತ ಅಪಾಯದ ತಪ್ಪು: ಇಳಿಜಾರಲ್ಲಿ ನ್ಯೂಟ್ರಲ್ ಮಾಡೋದು. ಇಂಜೆಕ್ಷನ್ ಕಾರಲ್ಲಿ ಗೇರ್‌ನಲ್ಲಿದ್ದು ಎಕ್ಸಲೇಟರ್‌ನಿಂದ ಕಾಲು ಪೂರ್ತಿ ಎತ್ತಿದ್ರೆ ಕಂಪ್ಯೂಟರ್ ಪೆಟ್ರೋಲನ್ನೇ ಬಂದ್ ಮಾಡತ್ತೆ, ಚಕ್ರಗಳೇ ಇಂಜಿನನ್ನ ತಿರುಗಿಸ್ತಿರತ್ತೆ. ನ್ಯೂಟ್ರಲ್ ಮಾಡಿದ್ರೆ ಇಂಜಿನ್ ತಾನೇ ಉರಿಬೇಕು, ಆಗ ಪೆಟ್ರೋಲ್ ಖರ್ಚಾಗತ್ತೆ. ನಂಬಿಕೆ ಬರ್ಲಿಲ್ಲ ಅಂದ್ರೆ ಮೀಟರ್‌ನಲ್ಲಿ ಆ ಕ್ಷಣದ ಮೈಲೇಜ್ ತೋರ್ಸೋ ಪಟ್ಟಿ ಹಾಕ್ಕೊಳ್ಳಿ, ಇಳಿಜಾರಲ್ಲಿ ಗೇರಲ್ಲಿ ಕಾಲು ಎತ್ತಿದ ಕೂಡ್ಲೇ ಪಟ್ಟಿ ತುದಿವರೆಗೂ ಓಡತ್ತೆ. ಪಕ್ಕದಲ್ಲಿ ಕೂತೋರಿಗೆ ನೋಡೋಕೆ ಹೇಳಿ, ನೀವು ರಸ್ತೆ ನೋಡಿ. ಚಾರ್ಮಾಡಿ, ಶಿರಾಡಿ, ಆಗುಂಬೆ ಯಾವ ಘಾಟಿಯಾದ್ರೂ ಸರಿ, ಹತ್ತೋಕೆ ಯಾವ ಗೇರ್ ಬೇಕಾಗತ್ತೋ ಇಳಿಯೋಕೂ ಅದೇ ಗೇರ್. ನ್ಯೂಟ್ರಲ್‌ನಲ್ಲಿ ಇಳಿದ್ರೆ ಪೂರ್ತಿ ಭಾರ ಬ್ರೇಕ್ ಮೇಲೆ ಬಿದ್ದು ಅದು ಕಾದು ಹಿಡಿಯೋದೇ ನಿಲ್ಸತ್ತೆ. ಇನ್ನು ಇಳಿಜಾರಲ್ಲಿ ಇಂಜಿನ್ನೇ ಆಫ್ ಮಾಡೋರಿದ್ದಾರೆ, ಆಗ ಪವರ್ ಸ್ಟೇರಿಂಗ್ ಇರಲ್ಲ, ಎರಡು ಮೂರು ಸಲ ತುಳಿದ ಮೇಲೆ ಬ್ರೇಕ್ ಕಲ್ಲಿನ ತರ ಗಟ್ಟಿ ಆಗತ್ತೆ, ಕೀ ತೆಗೆದ್ರೆ ಸ್ಟೇರಿಂಗ್ ಲಾಕೇ ಆಗ್ಬಹುದು. ದಯವಿಟ್ಟು ಯಾರೂ ಮಾಡ್ಬೇಡಿ, ಮನೇಲಿ ಯಾರಾದ್ರೂ ಮಾಡ್ತಿದ್ರೆ ಹೇಳಿ ನಿಲ್ಸಿ.

ಹಂತ 7: ಎಸಿ

ಬಿಸಿಲಲ್ಲಿ ನಿಂತ ಕಾರಿಗೆ ಹತ್ತಿದ ತಕ್ಷಣ ಎಸಿ ಫುಲ್ ಮಾಡ್ಬೇಡಿ, ಒಂದು ನಿಮಿಷ ಕಿಟಕಿ ಇಳಿಸಿ ಓಡ್ಸಿ ಬಿಸಿ ಗಾಳಿ ಹೊರಗೆ ಹೋಗ್ಲಿ, ಆಮೇಲೆ ಎಸಿ ಹಾಕಿ, ಒಳಗಿನ ಗಾಳಿಯೇ ತಿರುಗೋ ಬಟನ್ ಒತ್ತಿ. ಊರೊಳಗೆ ನಿಧಾನಕ್ಕೆ ಹೋಗುವಾಗ ಹವಾ ತಣ್ಣಗಿದ್ರೆ ಕಿಟಕಿ ಸಾಕು. ಹೈವೇಲಿ 80ರ ಮೇಲೆ ಕಿಟಕಿ ತೆಗೆದ್ರೆ ಗಾಳಿ ತಡೆ ಏರತ್ತೆ, ಅಲ್ಲಿ ಕಿಟಕಿ ಮುಚ್ಚಿ ಎಸಿ ಹಾಕೋದೇ ಸರಿ. ಒಂದು ವಿಷ್ಯ ಹೆಚ್ಚಿನವರಿಗೆ ಗೊತ್ತಿರಲ್ಲ: ತಿರುಗಿಸೋ ನಾಬ್ ಇರೋ ಮಾಮೂಲಿ ಎಸಿಯಲ್ಲಿ ಚಳಿ ಆಯ್ತು ಅಂತ ನಾಬನ್ನ ಕೆಂಪು ಕಡೆ ತಿರುಗಿಸಿದ್ರೆ ಕಂಪ್ರೆಸರ್ ಕೆಲಸ ಕಮ್ಮಿ ಆಗಲ್ಲ, ತಣ್ಣಗೆ ಮಾಡಿದ ಗಾಳಿಗೇ ಹೀಟರ್ ಗಾಳಿ ಬೆರೆಸತ್ತೆ ಅಷ್ಟೇ. ನಾಬ್ ನೀಲಿಯಲ್ಲೇ ಇಟ್ಟು ಫ್ಯಾನ್ ಕಮ್ಮಿ ಮಾಡಿ, ಇಲ್ಲಾ ಸ್ವಲ್ಪ ಹೊತ್ತು ಎಸಿ ಆಫ್ ಮಾಡಿ.

ಹಂತ 8: ಈಗ ಹೇಳಿ, ಏನ್ ಹಾಕ್ಸ್ಬೇಕು ಅಂತಿದ್ರಿ?

ಪೆಟ್ರೋಲ್ ಪೈಪ್‌ಗೆ ಕಟ್ಟೋ ಮ್ಯಾಗ್ನೆಟ್, ಟ್ಯಾಂಕ್‌ಗೆ ಹಾಕೋ ಮಾತ್ರೆ, ನೀರಿಂದ ಗ್ಯಾಸ್ ಮಾಡಿ ಇಂಜಿನ್‌ಗೆ ಬಿಡೋ ಎಚ್‌ಎಚ್‌ಒ ಕಿಟ್, ಇವು ಯಾವುದೂ ಬೇಡ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇಂಥ ನೂರಕ್ಕೂ ಹೆಚ್ಚು ಸಾಮಾನು ಪರಿಶೀಲನೆ ಮಾಡಿದೆ, ಹೇಳಿಕೊಳ್ಳೋವಂಥ ಲಾಭ ಕೊಟ್ಟಿದ್ದು ಇಲ್ಲ ಅನ್ನೋ ಅಷ್ಟು ಕಮ್ಮಿ. ಸ್ಟೇರಿಂಗ್ ಕೆಳಗಿನ ಒಬಿಡಿ ಪೋರ್ಟ್‌ಗೆ, ಅಂದ್ರೆ ಮೆಕ್ಯಾನಿಕ್‌ಗಳು ಸ್ಕ್ಯಾನರ್ ಸಿಕ್ಕಿಸೋ ಜಾಗಕ್ಕೆ, ಸಿಕ್ಕಿಸೋ 'ಫ್ಯುಯೆಲ್ ಸೇವರ್' ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿರೋದು ಮಿನುಗೋ ಎಲ್‌ಇಡಿ. ಜಾಸ್ತಿ ಆಕ್ಟೇನ್ ಇರೋ ದುಬಾರಿ ಪೆಟ್ರೋಲೂ ನಿಮ್ಮ ಮ್ಯಾನ್ಯುಅಲ್ ಕೇಳಿಲ್ಲ ಅಂದ್ರೆ ಹಾಕ್ಸ್ಬೇಡಿ, ಆಕ್ಟೇನ್ ಅನ್ನೋದು ನಾಕಿಂಗ್, ಅಂದ್ರೆ ಇಂಜಿನ್ ಒಳಗೆ ಪೆಟ್ರೋಲ್ ಅಕಾಲದಲ್ಲಿ ತಾನಾಗೇ ಹೊತ್ಕೊಳ್ಳೋದನ್ನ ತಡೆಯೋ ಗುಣ, ಶಕ್ತಿ ಅಲ್ಲ. ಇಸಿಯು ರೀಮ್ಯಾಪ್, ಅಂದ್ರೆ ಇಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಾಯ್ಸೋದು, ಪವರ್‌ಗೆ ಅಂತ ಮಾಡ್ಸ್ತಾರೆ, ವಾರಂಟಿ ಹೋಗತ್ತೆ, ಮೈಲೇಜ್‌ಗೋಸ್ಕರ ಬೇಡ.

ದುಡ್ಡು ಹಾಕ್ಲೇಬೇಕು ಅಂದ್ರೆ ಆ ಒಬಿಡಿ ಪೋರ್ಟ್‌ಗೇ ಬ್ಲೂಟೂತ್ ಸ್ಕ್ಯಾನರ್ ತಗೊಳ್ಳಿ, ಫೋನ್‌ನಲ್ಲಿ ಇಂಜಿನ್ ಬಿಸಿ ಎಷ್ಟಿದೆ, ಏನಾದ್ರೂ ಎರರ್ ಇದ್ಯಾ ಅಂತ ನೋಡ್ಬಹುದು.

ನಿಜವಾಗ್ಲೂ ಖರ್ಚು ಇಳ್ಸೋ ಮಾಡಿಫಿಕೇಶನ್ ಅಂದ್ರೆ ಸಿಎನ್‌ಜಿ ಕಿಟ್, ಅದೂ ಜಾಸ್ತಿ ಓಡ್ಸೋರಿಗೆ. ನಿಮ್ಮ ಮಾಡೆಲ್‌ಗೆ ಅನುಮತಿ ಇರೋ ಕಿಟ್ ಆಗಿರ್ಬೇಕು, ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸ್ಬೇಕು, ಇನ್ಶೂರೆನ್ಸ್‌ನವರಿಗೆ ತಿಳಿಸ್ಬೇಕು (ಇಲ್ಲಾಂದ್ರೆ ಕ್ಲೇಮ್ ಸಿಗಲ್ಲ), ಸಿಲಿಂಡರ್‌ನ ಮೂರು ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸ್ಬೇಕು. ಡಿಕ್ಕಿ ಜಾಗ ಹೋಗತ್ತೆ. ಸಿಎನ್‌ಜಿ ಕೆಜಿ ಲೆಕ್ಕದಲ್ಲಿ ಸಿಗೋದು, ಹಾಗಾಗಿ ಲೀಟರ್ ಮೈಲೇಜ್ ಜೊತೆ ಹೋಲಿಸ್ಬೇಡಿ, ಕಿಲೋಮೀಟರ್‌ಗೆ ಎಷ್ಟು ರೂಪಾಯಿ ಅಂತ ಹೋಲಿಸಿ. ನಿಮ್ಮ ದಾರೀಲಿ ಸಿಎನ್‌ಜಿ ಬಂಕ್ ಇದ್ಯಾ, ಅಲ್ಲಿ ಕ್ಯೂ ಎಷ್ಟಿರತ್ತೆ ಅಂತ ಹಾಕ್ಸೋಕೆ ಮೊದ್ಲೇ ಹೋಗಿ ನೋಡಿ ಬನ್ನಿ.

ಹಂತ 9: ಎಲ್ಲಾ ಮಾಡಿದ್ರೂ ಬರ್ತಿಲ್ಲ ಅಂದ್ರೆ

ಮೊದ್ಲು ಇ20 ಲೆಕ್ಕ ಕಳೀರಿ. ಇ20 ಅಂದ್ರೆ 20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲ್, 2023ರ ಫೆಬ್ರವರಿ 6ಕ್ಕೆ ಬೆಂಗಳೂರಲ್ಲೇ ಇದರ ಮಾರಾಟಕ್ಕೆ ಚಾಲನೆ ಕೊಟ್ಟಿದ್ದು. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಮ್ಮಿ. ಇ20ಗೆ ಅಂತ ಹೊಂದಿಸದ ಹಳೇ ಕಾರುಗಳಲ್ಲಿ 6 ರಿಂದ 7 ಪರ್ಸೆಂಟ್ ಮೈಲೇಜ್ ಬೀಳಬಹುದು ಅಂತ 2021ರ ನೀತಿ ಆಯೋಗದ ವರದಿಯಲ್ಲೇ ಇದೆ. ಅಂದ್ರೆ ಮೊದ್ಲು 15 ಬರ್ತಿದ್ದ ಕಾರಿಗೆ ಈಗ 14 ಬಂದ್ರೆ ಕಾರ್ ಕೆಟ್ಟಿದೆ ಅಂತ ಅಲ್ಲ.

ಅದಕ್ಕಿಂತಾನೂ ಕಮ್ಮಿ ಇದ್ರೆ ಬ್ರೇಕ್ ಹಿಡ್ಕೊಂಡಿದ್ಯಾ ನೋಡಿ. ಬ್ರೇಕ್ ಜಾಸ್ತಿ ಬಳಸ್ದೇ ಇರೋ ಖಾಲಿ ರಸ್ತೇಲಿ ಹತ್ತು ಕಿಲೋಮೀಟರ್ ಓಡ್ಸಿ, ಕೊನೇಲಿ ನಿಧಾನಕ್ಕೆ ಉರುಳಿಸ್ಕೊಂಡು ಬಂದು ನಿಲ್ಸಿ, ಇಳಿದು ನಾಲ್ಕೂ ರಿಮ್ ಹತ್ರ ಅಂಗೈ ಹಿಂಭಾಗ ಹಿಡೀರಿ, ಮುಟ್ಬೇಡಿ, ಹತ್ರ ಹಿಡಿದ್ರೇ ಗೊತ್ತಾಗತ್ತೆ. ಮೂರು ಬೆಚ್ಚಗಿದ್ದು ಒಂದು ಮಾತ್ರ ಸುಡ್ತಿದ್ರೆ ಅಲ್ಲಿ ಕ್ಯಾಲಿಪರ್, ಅಂದ್ರೆ ಬ್ರೇಕ್ ಪ್ಯಾಡ್ ಒತ್ತೋ ಭಾಗ, ಸರಿಯಾಗಿ ಬಿಡ್ತಿಲ್ಲ. ಹಿಂದಿನ ಎರಡೂ ಸುಡ್ತಿದ್ರೆ ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಆಗಿದೆ.

ಅದೂ ಸರಿ ಇದ್ರೆ ಟೆಂಪರೇಚರ್ ನೋಡಿ. ಹೈವೇಲಿ ಅರ್ಧ ಗಂಟೆ ಓಡಿದ್ರೂ ಇಂಜಿನ್ ಮಾಮೂಲಿ ಬಿಸಿಗೆ ಬರ್ತಿಲ್ಲ ಅಂದ್ರೆ ಥರ್ಮೋಸ್ಟಾಟ್ ತೆರೆದೇ ಸಿಕ್ಕಾಕ್ಕೊಂಡಿರ್ಬಹುದು. ಅದು ಇಂಜಿನ್ ಬಿಸಿ ಆಗೋವರೆಗೂ ರೇಡಿಯೇಟರ್ ಕಡೆ ನೀರು ಬಿಡದೆ ತಡೆಯೋ ವಾಲ್ವ್. ಕೆಲವು ಗ್ಯಾರೇಜ್‌ಗಳಲ್ಲಿ ಓವರ್‌ಹೀಟ್ ಆಗ್ಬಾರ್ದು ಅಂತ ಅದನ್ನ ಕಿತ್ತೇ ಹಾಕಿರ್ತಾರೆ, ಇಂಜಿನ್ ಯಾವಾಗ್ಲೂ ತಣ್ಣಗಿದೆ ಅಂದ್ಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡ್ತಾನೇ ಇರತ್ತೆ. ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡೋರು ಇದನ್ನ ಖಂಡಿತ ಚೆಕ್ ಮಾಡ್ಸಿ.

ಕೊನೇಗೆ ಆಕ್ಸಿಜನ್ ಸೆನ್ಸರ್, ಸೈಲೆನ್ಸರ್ ಪೈಪ್‌ನಲ್ಲಿ ಕೂತು ಹೊಗೆ ನೋಡಿ ಪೆಟ್ರೋಲ್ ಎಷ್ಟು ಬೇಕು ಅಂತ ಹೇಳೋದು. ಹಳೇದಾದ್ರೆ ಚೆಕ್ ಇಂಜಿನ್ ಲೈಟ್ ಬರದೇನೂ ತಪ್ಪು ಹೇಳ್ತಿರತ್ತೆ. ಸರ್ವೀಸ್ ಸೆಂಟರ್‌ಗೆ ಹೋದಾಗ "ಮೈಲೇಜ್ ಬರ್ತಿಲ್ಲ" ಅಂತ ಮಾತ್ರ ಹೇಳಿದ್ರೆ ತೊಳೆದು ವಾಪಸ್ ಕೊಡ್ತಾರೆ. ಹಂತ 1ರಲ್ಲಿ ಬರೆದ ಲೆಕ್ಕ ತೋರ್ಸಿ, "ಸ್ಕ್ಯಾನರ್ ಹಾಕಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ಎಷ್ಟಿದೆ ತೋರ್ಸಿ" ಅಂತ ಕೇಳಿ. ಅದು ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಪರ್ಸೆಂಟ್ ಪೆಟ್ರೋಲ್ ಹೆಚ್ಚುಕಮ್ಮಿ ಬಿಡ್ತಿದೆ ಅನ್ನೋ ನಂಬರ್. ಸೊನ್ನೆಯಿಂದ ಎರಡೂ ಕಡೆ ಹತ್ತರ ಒಳಗಿದ್ರೆ ಚಿಂತೆ ಇಲ್ಲ, ಅದಕ್ಕಿಂತ ದೂರ ಹೋಗಿದ್ರೆ ಯಾಕೆ ಅಂತ ಅವರೇ ಹುಡುಕ್ಬೇಕು, ಹುಡುಕದೆ ಪಾರ್ಟ್ ಬದಲಾಯ್ಸೋಕೆ ಒಪ್ಕೋಬೇಡಿ.